ಹಾಟ್‌ಡಿಶ್ ಹಿಡಿದು ಬಂದ ಕಳ್ಳರು

ನಮ್ಮ ಗ್ರೆನ್‌ಸ್ಟಾಡ್ ಊರಿನಲ್ಲಿ ಇನ್ನು ಮುಂದೆ ಒಂದೇ ಒಂದು ಸುಳ್ಳು ಅಲಾರಂ ಕೂಗಕೂಡದು ಎಂದು ಪಣ ತೊಟ್ಟವನು ನಾನು. ಪಣ ತೊಟ್ಟು ಸುಮ್ಮನೆ ಕೂರುವ ಪೈಕಿಯವನಲ್ಲ, ಕಾಯಿದೆಯನ್ನೇ ಬರೆದೆ.

ಬರೆಯದೆ ಏನು ಮಾಡಲಿ? ಊರಿಗೆ ಇರುವುದು ಎರಡು ಪೊಲೀಸ್ ಕಾರು. ಅದರಲ್ಲಿ ಒಂದು ಯಾವಾಗ ನೋಡಿದರೂ ಯಾರದೋ ಮನೆಯ ಮುಂದೆ ದೀಪ ಮಿಣುಕಿಸುತ್ತ ನಿಂತಿರುತ್ತಿತ್ತು. ಒಳಗೆ ಹೋಗಿ ನೋಡಿದರೆ ಬೆಕ್ಕು ಕಪಾಟಿನಿಂದ ಹಾರಿದೆ, ಪರದೆ ಗಾಳಿಗೆ ಆಡಿದೆ, ಹುಟ್ಟುಹಬ್ಬದ ಬಲೂನೊಂದು ಹೀಟರಿನ ಬಿಸಿ ಗಾಳಿಗೆ ಎದ್ದು ಮನೆಯೆಲ್ಲ ಅಡ್ಡಾಡಿದೆ. ಇವರನ್ನೆಲ್ಲ ಹಿಡಿಯಲು ಬಂದೂಕು ಕಟ್ಟಿಕೊಂಡು ಓಡುವ ಪೊಲೀಸರನ್ನು ಕಂಡು ನನ್ನೊಳಗಿನ ಇತಿಹಾಸದ ಮೇಷ್ಟ್ರು ಮರುಗಿದ. ನಿವೃತ್ತನಾಗಿ ಪುರಸಭೆಗೆ ಆರಿಸಿ ಬಂದಿದ್ದೆ. ಸುರಕ್ಷತಾ ಸಮಿತಿಯ ಅಧ್ಯಕ್ಷ ಬೇರೆ. ಇನ್ನೇನು ಬೇಕು?

ಕಾಯಿದೆ ಸರಳವಾಗಿತ್ತು. ಕಳ್ಳರ ಅಲಾರಂ ಇರುವ ಪ್ರತಿ ಮನೆಯೂ ವರ್ಷಕ್ಕೊಮ್ಮೆ ಶುಲ್ಕ ಕಟ್ಟಿ ನೋಂದಣಿ ಮಾಡಿಸಬೇಕು. ವರ್ಷದಲ್ಲಿ ಎರಡು ಸುಳ್ಳು ಅಲಾರಂ ಮಾಫಿ. ಮೂರನೆಯದಕ್ಕೆ ದಂಡ, ಆಮೇಲೆ ಒಂದೊಂದಕ್ಕೂ ದಂಡ ದುಪ್ಪಟ್ಟು. ಆರನೆಯದು ಕೂಗಿತೋ, ಪರವಾನಗಿ ರದ್ದು. ಅಲ್ಲಿಂದ ಒಂದು ವರ್ಷ ಆ ಮನೆಯ ಅಲಾರಂ ಗಂಟಲು ಹರಿದುಕೊಂಡರೂ ಪೊಲೀಸರು ಆ ಕಡೆ ತಲೆ ಹಾಕುವುದಿಲ್ಲ. ಮೊದಲನೇ ನಂಬರಿನ ಪರವಾನಗಿ ನನ್ನದೇ. ಅದಕ್ಕೆ ಚೌಕಟ್ಟು ಹಾಕಿಸಿ ನಡುಮನೆಯಲ್ಲಿ ತೂಗುಹಾಕಿದೆ.

ಹೆಂಡತಿ ಮಾರ್ಡೆಲ್ ಬಂದು ನೋಡಿದಳು.

"ನಮ್ಮ ಮದುವೆ ಫೋಟೋ ಎಲ್ಲಿ?"

"ಮೊಳೆ ಒಂದೇ ಇತ್ತು," ಎಂದೆ.

ಈ ಕಾಯಿದೆಯನ್ನು ಊರಿನಲ್ಲಿ ವಿರೋಧಿಸಿದವನು ಒಬ್ಬನೇ, ನನ್ನ ಗೆಳೆಯ ಆರ್ವಿಡ್ ಟೊಲೆಫ್‌ಸನ್. ಎಲೆಕ್ಟ್ರಿಷಿಯನ್. ಊರಿನ ಅರ್ಧ ಅಲಾರಂಗಳಿಗೆ ವೈರು ಎಳೆದವನು ಅವನೇ, ನಮ್ಮ ಮನೆಯದಕ್ಕೂ. ಸಾರ್ವಜನಿಕ ಸಭೆಯಲ್ಲಿ ಬೇಸ್‌ಬಾಲ್ ಟೋಪಿ ಕೈಯಲ್ಲಿ ಹಿಡಿದು ಎದ್ದು ನಿಂತ.

"ಅಧ್ಯಕ್ಷರೇ, ಒಂದು ಅನುಮಾನ. ಕಳ್ಳ ನಿಜವಾಗ್ಲೂ ಬಂದ ಅಂತಿಟ್ಕೊಳ್ಳಿ. ಮನೆಯೆಲ್ಲ ನೋಡಿದ, ಕದಿಯೋ ಅಂಥದ್ದು ಏನೂ ಸಿಗಲಿಲ್ಲ, ಬರಿಗೈಲಿ ವಾಪಸ್ ಹೋದ. ಅದು ಸುಳ್ಳು ಅಲಾರಮ್ಮೋ, ನಿಜದ್ದೋ?"

"ಇದು ಗಂಭೀರ ವಿಷಯ, ಟೊಲೆಫ್‌ಸನ್."

"ಗಂಭೀರವಾಗೇ ಕೇಳ್ತಿದೀನಿ. ನಿಮ್ಮ ಮನೆಗೆ ಬಂದ್ರೆ ಹಾಗೇ ಆಗೋದು."

ಸಭೆ ನಕ್ಕಿತು. ನಾನು ಸುತ್ತಿಗೆ ಕುಟ್ಟಿದೆ. ಕಾಯಿದೆ ಪಾಸಾಯಿತು. ಆರ್ವಿಡ್ ಕೊನೆಯ ದಿನ, ಕಚೇರಿ ಮುಚ್ಚುವ ಹೊತ್ತಿಗೆ ಸರಿಯಾಗಿ ಬಂದು ನೋಂದಣಿ ಮಾಡಿಸಿದ. ಆ ವರ್ಷ ಬೇಸಿಗೆ ಮುಗಿಯುವುದರೊಳಗೆ ಅವನ ಮನೆಯ ಅಲಾರಂ ಎರಡು ಸಲ ಸುಳ್ಳೇ ಕೂಗಿತ್ತು. ಎರಡೂ ಬೇಕೆಂದೇ ಕೂಗಿಸಿದ್ದು ಎಂದು ನನ್ನ ಗುಮಾನಿ. ಮಾಫಿ ಇದೆಯಲ್ಲ, ಬಿಡುವುದೇಕೆ ಎನ್ನುವ ಮನುಷ್ಯ ಅವನು.

ಅಕ್ಟೋಬರಿನಲ್ಲಿ ಆರ್ವಿಡ್ ತೀರಿಕೊಂಡ. ಕೆರೆ ಹೆಪ್ಪುಗಟ್ಟುವ ಮುಂಚೆ ದೋಣಿ ಕಟ್ಟೆಯ ಹಲಗೆಗಳನ್ನು ಎತ್ತಿ ದಡಕ್ಕೆ ಹಾಕುವುದು ನಮ್ಮ ಪ್ರತಿ ವರ್ಷದ ಕೆಲಸ. ಹಲಗೆಯ ಒಂದು ತುದಿ ಅವನು ಹಿಡಿದಿದ್ದ, ಇನ್ನೊಂದು ತುದಿ ನಾನು. ಇದ್ದಕ್ಕಿದ್ದ ಹಾಗೆ ಭಾರವೆಲ್ಲ ನನ್ನ ಕಡೆ ಬಂತು. ಹುಡುಗಾಟ ಮಾಡುತ್ತಿದ್ದಾನೆ ಎಂದುಕೊಂಡು ಬೈದೆ. ಅದನ್ನು ಇಲ್ಲಿಗೇ ಹೇಳಿ ಮುಗಿಸುತ್ತೇನೆ. ಯಾಕೆಂದರೆ ಅಲ್ಲಿಂದ ಮುಂದೆ ನಡೆದದ್ದೆಲ್ಲ ನಗುವಂಥದ್ದು, ನಗುವುದಕ್ಕೆ ಅವನೊಬ್ಬನಿಲ್ಲ ಅಷ್ಟೆ.

ನಮ್ಮೂರಿನಲ್ಲಿ ಯಾರಾದರೂ ಸತ್ತರೆ ಜನ ಹೆಚ್ಚು ಮಾತಾಡುವುದಿಲ್ಲ. ಹಾಟ್‌ಡಿಶ್ ಮಾಡುತ್ತಾರೆ. ಅಗಲ ಗಾಜಿನ ತಟ್ಟೆಯಲ್ಲಿ ಕೊಚ್ಚಿದ ಮಾಂಸ, ಡಬ್ಬಿಯ ಸೂಪು, ಮೇಲೆ ಸಾಲಾಗಿ ಆಲೂಗಡ್ಡೆಯ ಉಂಡೆ. ಎಲ್ಲವನ್ನೂ ಒಲೆಯೊಳಗಿಟ್ಟು ಬೇಯಿಸಿ, ಬೆಳ್ಳಿ ಹಾಳೆ ಮುಚ್ಚಿ, ತಟ್ಟೆ ವಾಪಸ್ಸು ಬರಲೆಂದು ತಳಕ್ಕೆ ಟೇಪಿನ ಮೇಲೆ ತಮ್ಮ ಹೆಸರು ಬರೆದು ಅಂಟಿಸಿ, ದುಃಖದ ಮನೆಗೆ ಒಯ್ಯುತ್ತಾರೆ. ಮನೆಯಲ್ಲಿ ಯಾರೂ ಇರದಿದ್ದರೆ ಇನ್ನೂ ಒಳ್ಳೆಯದು, ಮಾತಾಡುವ ಕಷ್ಟ ತಪ್ಪಿತು. ಹಿತ್ತಲ ಬಾಗಿಲಿನ ಬೀಗದಕೈ ಹೂಕುಂಡದ ಕೆಳಗಿರುವುದು ಊರಿಗೇ ಗೊತ್ತು. ಒಳಗೆ ಹೋಗಿ ಫ್ರಿಜ್ಜಿನಲ್ಲಿಟ್ಟು, ಸಿಂಕಿನಲ್ಲಿ ಪಾತ್ರೆ ಕಂಡರೆ ತೊಳೆದಿಟ್ಟು, ಸದ್ದಿಲ್ಲದೆ ಹೊರಬರುವುದು ಸಭ್ಯತೆ.

ಇಡೀ ಕಾಯಿದೆ ಬರೆಯುವಾಗ ಬೆಕ್ಕನ್ನು ನೆನೆದೆ, ಬಲೂನನ್ನು ನೆನೆದೆ. ಹಾಟ್‌ಡಿಶ್ ನೆನಪಾಗಲಿಲ್ಲ.

ಮೊದಲನೆಯದು ಶವಸಂಸ್ಕಾರದ ದಿನವೇ. ಊರೆಲ್ಲ ಚರ್ಚಿನಲ್ಲಿತ್ತು. ಪಾದ್ರಿಗಳು ಆರ್ವಿಡ್‌ನ ಸರಳತೆಯ ಬಗ್ಗೆ ಹೇಳುತ್ತಿದ್ದಾಗ, ಕೊನೆಯ ಸಾಲಿನಲ್ಲಿ ಸಮವಸ್ತ್ರದಲ್ಲಿ ನಿಂತಿದ್ದ ಟ್ರೇಸಿ ಪೆಲ್ಟೊ ಎಂಬ ಪೊಲೀಸ್ ಹುಡುಗಿಯ ಹೆಗಲಿನ ರೇಡಿಯೋ ಗೊರಗುಟ್ಟಿತು: ಟೊಲೆಫ್‌ಸನ್ ಮನೆಯಲ್ಲಿ ಕಳ್ಳತನ. ಪೆಲ್ಟೊ ಒಂದು ಕಾಲಕ್ಕೆ ನನ್ನ ವಿದ್ಯಾರ್ಥಿನಿ, ಕ್ರಾಂತಿಗಳ ಇಸವಿ ಯಾವತ್ತೂ ಸರಿ ಬರೆದವಳಲ್ಲ. ಆದರೆ ಓಡುವುದರಲ್ಲಿ ಜಾಣೆ. ಓಡಿದಳು. ಕಳ್ಳ ಸಿಕ್ಕಿದ. ಪಕ್ಕದ ಊರಿನಿಂದ ಬಂದಿದ್ದ ಆರ್ವಿಡ್‌ನ ದೂರದ ಅತ್ತೆಯೊಬ್ಬಳು, ತಟ್ಟೆಯನ್ನು ಫ್ರಿಜ್ಜಿನಲ್ಲಿಟ್ಟು ಹೋಗೋಣವೆಂದು ಬಂದವಳು, ಸೈರನ್ನಿಗೆ ಬೆದರಿ ಊಟದ ಮೇಜಿನ ಕೆಳಗೆ ಕೂತಿದ್ದಳು.

ಲೆಕ್ಕದ ಪ್ರಕಾರ ಅದು ಮೂರನೆಯದು.

ಆರ್ವಿಡ್‌ನ ಹೆಂಡತಿ ಇನೆಜ್ ಕೆಲವು ದಿನ ಡುಲುತ್‌ನಲ್ಲಿರುವ ತಂಗಿಯ ಮನೆಗೆ ಹೊರಟಳು. ಹೊರಡುವಾಗ ಬೀಗದಕೈ ಗೊಂಚಲನ್ನು ನನ್ನ ಕೈಯಲ್ಲಿಟ್ಟಳು. ಅದರಲ್ಲಿ ಅಲಾರಂ ಆಫ್ ಮಾಡುವ ಪುಟ್ಟ ಗುಂಡಿಯೂ ಇತ್ತು.

"ಲೋವೆಲ್, ಅಲಾರಂ ಹಾಕೇ ಇರು. ಆರ್ವಿಡ್ ಒಂದು ದಿನವೂ ಅದನ್ನ ಹಾಕದೆ ಹೊರಗೆ ಹೋದವನಲ್ಲ. ಗುಂಡಿ ಕೆಲಸ ಮಾಡದೇ ಇದ್ರೆ ಗೋಡೆ ಮೇಲಿನ ಪೆಟ್ಟಿಗೇಲಿ ನಂಬರ್ ಒತ್ತು. ನಂಬರ್ ನಿನಗೆ ಗೊತ್ತೇ ಇದೆ. ಆ ಮೀನಿನ ಉದ್ದ."

"ನಿಶ್ಚಿಂತೆಯಿಂದ ಹೋಗಿ ಬಾ."

"ನಿಶ್ಚಿಂತೆ ಎಲ್ಲಿಂದ ಬರಬೇಕು? ಆ ಮನೇಲಿ ನಾನು ಯಾವತ್ತೂ ಒಬ್ಬಳೇ ಮಲಗಿದವಳಲ್ಲ. ವಾಪಸ್ ಬಂದಾಗ ಅದೊಂದು ಇದ್ರೆ ಕಣ್ಣು ಮುಚ್ಚಬಹುದು ಅನ್ಕೊಂಡಿದೀನಿ. ಕೂಗಿದ್ರೆ ಯಾರಾದ್ರೂ ಬರ್ತಾರೆ ಅನ್ನೋ ಧೈರ್ಯ. ಅದೂ ಹೋದ್ರೆ ಮನೆ ಮಾರಿಬಿಡ್ತೀನಿ."

ನಾನು ಎದೆಯ ಮೇಲೆ ಕೈಯಿಟ್ಟು ಹೇಳಿದೆ: "ಇನೆಜ್, ನೀನು ಬರುವವರೆಗೆ ಆ ಮನೆಯಲ್ಲಿ ಒಂದು ಸುಳ್ಳು ಅಲಾರಂ ಕೂಗಿದರೆ ನನ್ನ ಹೆಸರು ಲೋವೆಲ್ ಎಂಗೆನ್ ಅಲ್ಲ. ಕಾಯಿದೆ ಬರೆದವನೇ ಕಾವಲಿಗಿದ್ದೇನೆ."

ಮಾರ್ಡೆಲ್ ಪಕ್ಕದಲ್ಲಿ ನಿಂತು ಆಕಾಶ ನೋಡಿದಳು.

ಕಾವಲಿನ ಮೊದಲ ಕೆಲಸವಾಗಿ ಹೂಕುಂಡದ ಕೆಳಗಿನ ಬೀಗದಕೈ ತೆಗೆದು ಜೇಬಿಗೆ ಹಾಕಿದೆ. ಎರಡನೆಯದಾಗಿ, ಹಿತ್ತಲ ಬಾಗಿಲಿಗೆ ದೊಡ್ಡ ಅಕ್ಷರದ ಬೋರ್ಡು ಬರೆದು ತಗುಲಿಹಾಕಿದೆ: 'ಅಲಾರಂ ಇದೆ. ಒಳಗೆ ಬರಬೇಡಿ.' ಮನೆಗೆ ಬಂದು ಕಾಫಿ ಕುಡಿಯಲು ಕೂತೆ. ಅಲಾರಂ ಕೂಗಿದರೆ ತಿಳಿಸುವ ಕಾವಲು ಕಂಪನಿಯಿಂದ ಫೋನು ಬಂತು.

ಹೋಗಿ ನೋಡಿದರೆ ಪೊಲೀಸ್ ಕಾರು ಆಗಲೇ ನಿಂತಿದೆ. ಅಲಾರಮ್ಮಿನ ಸೈರನ್ ಕಿವಿ ಹರಿಯುತ್ತಿದೆ. ಅಡುಗೆಮನೆಯ ಕಿಟಕಿಯಲ್ಲಿ ಅರ್ಧ ಒಳಗೆ, ಅರ್ಧ ಹೊರಗೆ ಲಾವೊನ್ ಬ್ರೆಕ್ಕೆ ಸಿಕ್ಕಿಕೊಂಡಿದ್ದಾಳೆ. ಚರ್ಚಿನ ಮಹಿಳಾ ಸಂಘದ ಖಜಾಂಚಿ. ಎಪ್ಪತ್ತು ದಾಟಿದ ಹೆಂಗಸು. ಒಳಗಿದ್ದ ಅರ್ಧದಲ್ಲಿ ಕೈಗಳಿದ್ದವು, ಕೈಗಳಲ್ಲಿ ಹಾಟ್‌ಡಿಶ್ ಅಲುಗಾಡದೆ ಇತ್ತು. ಪೆಲ್ಟೊ ಹೊರಗಿನ ಅರ್ಧದೊಂದಿಗೆ ವಿಚಾರಣೆ ನಡೆಸುತ್ತಿದ್ದಳು. ನಾನು ಗುಂಡಿ ಒತ್ತಿ ಸೈರನ್ ನಿಲ್ಲಿಸಿದೆ.

"ಲಾವೊನ್, ಬೋರ್ಡು ಓದಲಿಲ್ವಾ?"

"ಓದಿದೆ," ಕಿಟಕಿಯೊಳಗಿಂದ ದನಿ ಬಂತು. "ಕಳ್ಳರಿಗೆ ಹಾಕಿದೀಯ ಅನ್ಕೊಂಡೆ."

"ಯಾರೂ ಒಳಗೆ ಬರಬಾರದು ಅಂತ ತಾನೇ ಬರೆದಿರೋದು?"

"ನಾನೇನು ಯಾರೋ ಅಲ್ಲ, ನಾನು ಲಾವೊನ್. ನಲವತ್ತು ವರ್ಷದಿಂದ ಈ ಅಡುಗೆಮನೆಗೆ ಬರ್ತಿದೀನಿ. ಬೀಗದಕೈ ಯಾರೋ ಕದ್ದಿದಾರೆ, ಮೊದಲು ಅದನ್ನ ಹುಡುಕ್ರೀ."

ಪೆಲ್ಟೊ ಪುಸ್ತಕ ತೆಗೆದಳು. "ಕದ್ದಿದ್ದು ಯಾರು ಅಂತ ಯಾರ ಮೇಲಾದ್ರೂ ಗುಮಾನಿ ಇದೆಯಾ?"

ನನ್ನ ಜೇಬಿನಲ್ಲಿ ಬೀಗದಕೈ ಕಾದ ಕಬ್ಬಿಣದ ಹಾಗೆ ಕೂತಿತ್ತು. ತೆಗೆದು ತೋರಿಸಿದೆ.

"ಸರಿ ಮೇಷ್ಟ್ರೇ," ಎಂದು ಪೆಲ್ಟೊ ಪುಸ್ತಕ ಮುಚ್ಚಿದಳು. "ಇದು ನಾಲ್ಕು."

ಸಂಜೆ ಊಟಕ್ಕೆ ಲಾವೊನ್‌ಳ ಹಾಟ್‌ಡಿಶ್. ಸಾಕ್ಷ್ಯವನ್ನು ಪೆಲ್ಟೊ ನಮಗೇ ಒಪ್ಪಿಸಿ ಹೋಗಿದ್ದಳು.

"ಇನೆಜ್ ಊರಲ್ಲಿ ಇಲ್ಲ ಅಂತ ಎಲ್ರಿಗೂ ಫೋನ್ ಮಾಡಿ ಹೇಳಿಬಿಡು," ಎಂದಳು ಮಾರ್ಡೆಲ್.

"ಮಾಡಿದೆ. ಪಾಪ, ಬಂದ ತಕ್ಷಣ ತಿನ್ನೋಕೆ ಏನೂ ಇರಲ್ವಲ್ಲ ಅಂತ ಇನ್ನೂ ಆರು ಜನ ಒಲೆ ಹಚ್ಚಿದಾರೆ."

"ಹಾಗಾದ್ರೆ ಅವರಿಗೆ ಇಡೋದಕ್ಕೆ ಒಂದು ಜಾಗ ತೋರಿಸು. ಜನ ಕೊಡಬೇಕು ಅಂತ ಬರೋದು. ತಡೆದರೆ ಕಿಟಕಿ ಹತ್ತುತಾರೆ."

ಹೆಂಡತಿಯ ಮಾತಿನಲ್ಲಿ ರಾಜ್ಯಶಾಸ್ತ್ರವಿತ್ತು. ಮಾರನೆಯ ದಿನವೇ ನಮ್ಮ ಮೀನುಬೇಟೆಯ ಐಸ್‌ಪೆಟ್ಟಿಗೆಯನ್ನು ಒಯ್ದು ಇನೆಜ್‌ಳ ಹಿತ್ತಲ ಮೆಟ್ಟಿಲ ಮೇಲಿಟ್ಟೆ. 'ಹಾಟ್‌ಡಿಶ್ ಇಲ್ಲಿ ಇಡಿ' ಎಂದು ಬರೆದೆ. ಜನ ಎಂಥ ವಿಧೇಯರು ನೋಡಿ! ಸಂಜೆಯೊಳಗೆ ಪೆಟ್ಟಿಗೆ ಭರ್ತಿ, ಮೇಲೆ ಇನ್ನೆರಡು ತಟ್ಟೆ ಗೋಪುರದ ಹಾಗೆ. ನಾಗರಿಕತೆಯ ಇತಿಹಾಸದಲ್ಲಿ ಕಾಯಿದೆಯೂ ಕರುಣೆಯೂ ಹೀಗೆ ಒಂದೇ ಮೆಟ್ಟಿಲ ಮೇಲೆ ಕೂತದ್ದು ಅಪರೂಪ. ಬೆಳಿಗ್ಗೆ ಬಂದು ಒಳಗಿಡೋಣ ಎಂದು ಅದನ್ನು ಕಣ್ತುಂಬ ನೋಡಿ ಮನೆಗೆ ಹೋದೆ.

ಬೆಳಿಗ್ಗೆ ತಿಂಡಿಯ ಹೊತ್ತಿಗೆ ಫೋನು.

ಈ ಸಲದ ಕಳ್ಳ ರಕೂನ್. ಕಣ್ಣಿನ ಸುತ್ತ ಹುಟ್ಟಿನಿಂದಲೇ ಕಳ್ಳರ ಕಪ್ಪುಪಟ್ಟಿ ಕಟ್ಟಿಕೊಂಡು ಬರುವ ಪ್ರಾಣಿ. ಗೋಪುರದ ಮೇಲಿನ ತಟ್ಟೆಯನ್ನು ಎಳೆದಿದೆ, ತಟ್ಟೆ ಬಾಗಿಲಿಗೆ ಬಡಿದು ಚೂರಾಗಿದೆ. ಗಾಜು ಒಡೆದ ಸದ್ದು ಕೇಳಿದರೆ ಕೂಗುವಂಥ ಒಂದು ಯಂತ್ರವನ್ನು ಆರ್ವಿಡ್ ಬಾಗಿಲ ಒಳಗಡೆ ಜೋಡಿಸಿದ್ದ. ಅವನ ಕೆಲಸ ಯಾವತ್ತೂ ಅಚ್ಚುಕಟ್ಟು. ಕೂಗಿತು. ನಾನು ಹೋದಾಗ ಪೆಲ್ಟೊ ಅಂಗಳದಲ್ಲಿ ನಿಂತಿದ್ದಳು. ರಕೂನ್ ಮೆಟ್ಟಿಲ ಮೇಲೆ ಕೂತು, ಸೈರನ್ನು ತನಗೆ ಸಂಬಂಧಿಸಿದ್ದೇ ಅಲ್ಲ ಎಂಬಂತೆ, ಒಂದೊಂದೇ ಆಲೂಗಡ್ಡೆ ಉಂಡೆಯನ್ನು ಎರಡೂ ಕೈಯಲ್ಲಿ ಹಿಡಿದು ತಿನ್ನುತ್ತಿತ್ತು.

"ಪೆಲ್ಟೊ, ಇದನ್ನ ಲೆಕ್ಕಕ್ಕೆ ತಗೋಬೇಡ. ಇದು ಪ್ರಾಣಿ."

"ಮನುಷ್ಯರೇ ಆಗಿರಬೇಕು ಅಂತ ಕಾಯಿದೆಯಲ್ಲಿ ಇಲ್ಲ ಮೇಷ್ಟ್ರೇ. ಬೆಕ್ಕಿಗೂ ಬಲೂನಿಗೂ ರಿಯಾಯಿತಿ ಇಲ್ಲ ಅಂತ ನೀವೇ ಸಭೇಲಿ ಭಾಷಣ ಮಾಡಿದ್ರಿ. ನಾನೇ ಕಾವಲಿಗೆ ನಿಂತಿದ್ದೆ, ಕೇಳಿಸ್ಕೊಂಡೆ."

"ಕ್ಲಾಸಿನಲ್ಲಿ ಇಷ್ಟು ಗಮನ ಕೊಟ್ಟಿದ್ದರೆ ಎಲ್ಲಿರ್ತಿದ್ದೆ ನೀನು."

"ಐದು," ಎಂದಳು ಪೆಲ್ಟೊ.

ಈಗ ನನಗೆ ನಿಜವಾಗಿ ಹೆದರಿಕೆ ಹುಟ್ಟಿತು. ಇನ್ನೊಂದು ಕೂಗಿದರೆ ಪರವಾನಗಿ ರದ್ದು. ಇನೆಜ್ ಬರುವುದು ಆ ಶುಕ್ರವಾರ. ಉಳಿದ ತಟ್ಟೆಗಳನ್ನು ನಮ್ಮ ಮನೆಗೆ ಹೊತ್ತು ತಂದೆ. ಹಿತ್ತಲ ಮೆಟ್ಟಿಲ ಮೇಲೆ ಮಡಚುವ ಕುರ್ಚಿ ಹಾಕಿಕೊಂಡು ಕೂತೆ. ಕೋಟು, ಅದರ ಮೇಲೆ ಕೋಟು, ಕಿವಿಗೆ ಟೋಪಿ, ತೊಡೆಯ ಮೇಲೆ ರೋಮ್ ಸಾಮ್ರಾಜ್ಯದ ಪತನದ ಬಗ್ಗೆ ದಪ್ಪ ಪುಸ್ತಕ. ಹಾಟ್‌ಡಿಶ್ ತಂದವರಿಂದ ತಟ್ಟೆ ಇಸಿದುಕೊಂಡು, ಧನ್ಯವಾದ ಹೇಳಿ, ಹಿಂದಕ್ಕೆ ಕಳಿಸಿದೆ. ಗುರುವಾರದವರೆಗೆ ಊರಿನ ಇತಿಹಾಸದಲ್ಲೇ ಅತ್ಯಂತ ಭದ್ರವಾದ ಮನೆ ಅದು. ರೋಮಿಗೆ ನನ್ನಂಥವನೊಬ್ಬ ಸಿಕ್ಕಿದ್ದರೆ ಎಂದು ಒಮ್ಮೊಮ್ಮೆ ಅನ್ನಿಸಿತು.

ಗುರುವಾರ ಮಧ್ಯಾಹ್ನ ಕೊನೆಯ ಹಾಟ್‌ಡಿಶ್ ಬಂತು. ಒಲೆಯಿಂದ ಆಗತಾನೆ ತೆಗೆದದ್ದು. ನಮ್ಮ ಫ್ರಿಜ್ಜಿನಲ್ಲಿ ಬೆಣ್ಣೆಗೂ ಜಾಗವಿರಲಿಲ್ಲ. ಇದೊಂದನ್ನು ಇನೆಜ್‌ಳ ಫ್ರಿಜ್ಜಿನಲ್ಲೇ ಇಟ್ಟುಬಿಡೋಣ, ನಾಳೆ ಬಂದಾಗ ಅವಳಿಗೊಂದು ಊಟ ಎಂದುಕೊಂಡೆ. ಗೊಂಚಲಿನ ಗುಂಡಿ ಒತ್ತಿ, ಬಾಗಿಲು ತೆರೆದು, ತಟ್ಟೆ ಹಿಡಿದು ಒಳಗೆ ಕಾಲಿಟ್ಟೆ.

ಗೋಡೆಯ ಪೆಟ್ಟಿಗೆ ಬೀಪ್ ಬೀಪ್ ಎನ್ನತೊಡಗಿತು. ಗುಂಡಿಯ ಬ್ಯಾಟರಿ ಮುಗಿದಿತ್ತು. ಅರ್ಧ ನಿಮಿಷದೊಳಗೆ ನಂಬರ್ ಒತ್ತಬೇಕು. ಗಾಬರಿಯೇನಿಲ್ಲ, ನಂಬರ್ ಗೊತ್ತಿದೆ, ಮೀನಿನ ಉದ್ದ.

ಆ ಮೀನಿನ ಫೋಟೋ ಪೆಟ್ಟಿಗೆಯ ಪಕ್ಕದಲ್ಲೇ ತೂಗುಹಾಕಿತ್ತು. ಆರ್ವಿಡ್ ವಾಲೈ ಮೀನನ್ನು ಕ್ಯಾಮೆರಾದ ಕಡೆ ಚಾಚಿ ಹಿಡಿದಿದ್ದಾನೆ, ದೊಡ್ಡದಾಗಿ ಕಾಣಲೆಂದು. ಅದು ಮೂವತ್ತೊಂದೂವರೆ ಇಂಚು ಎಂದು ಅವನು ಊರೆಲ್ಲ ಹೇಳಿಕೊಂಡು ಬಂದ. ಆ ದಿನ ದೋಣಿಯಲ್ಲಿ ಅಳತೆ ಟೇಪು ಹಿಡಿದವನು ನಾನು. ಇಪ್ಪತ್ತೆಂಟು. ಈ ಒಂದು ವಿಷಯದಲ್ಲಿ ಇಪ್ಪತ್ತು ವರ್ಷ ನಾವು ಜಗಳವಾಡಿದ್ದೇವೆ, ಮದುವೆ ಮನೆಗಳಲ್ಲಿ, ಚುನಾವಣೆಯ ಸಾಲಿನಲ್ಲಿ, ಒಮ್ಮೆ ಅವನ ಆಸ್ಪತ್ರೆಯ ಮಂಚದ ಪಕ್ಕದಲ್ಲಿ. ಅಲಾರಮ್ಮಿನ ನಂಬರ್ ಯಾವುದಿರಬೇಕು ಎಂದು ನನ್ನ ತಲೆಗೆ ಚೆನ್ನಾಗಿ ಗೊತ್ತು: ಮೂರು ಒಂದು ಐದು ಸೊನ್ನೆ. ಆದರೆ ಒತ್ತುವುದು ಬೆರಳು. ತಟ್ಟೆಯನ್ನು ಎದೆಗೊತ್ತಿ ಹಿಡಿದು ಬೆರಳು ಚಾಚಿದೆ. ಅದು ಎರಡು, ಎಂಟು, ಸೊನ್ನೆ, ಸೊನ್ನೆ ಒತ್ತಿತು. ಪೆಟ್ಟಿಗೆ ತಪ್ಪು ಎಂದಿತು. ನಾನು ಅದನ್ನೇ ಇನ್ನೊಮ್ಮೆ, ಇನ್ನೂ ಗಟ್ಟಿಯಾಗಿ ಒತ್ತಿದೆ, ಆರ್ವಿಡ್‌ನ ಜೊತೆ ವಾದ ಮಾಡುವಾಗ ದನಿ ಏರಿಸುತ್ತಿದ್ದೆನಲ್ಲ ಹಾಗೆ. ಸೈರನ್ ಶುರುವಾಯಿತು.

ಕಾರು ಬಂದು ನಿಂತ ಸದ್ದು. ಹಿಂದಿನಿಂದ ದನಿ.

"ಪೊಲೀಸ್. ಕೈ ಮೇಲೆತ್ತಿ."

"ಪೆಲ್ಟೊ, ನಾನು."

"ಗೊತ್ತು ಮೇಷ್ಟ್ರೇ. ಆದ್ರೂ ಕ್ರಮ ಅಂತ ಒಂದಿದೆ. ಕೈ ಮೇಲೆತ್ತಿ."

"ಕೈಯಲ್ಲಿ ಬಿಸಿ ಇದೆ ಕಣಮ್ಮ."

"ಮೇಜಿನ ಮೇಲಿಡಿ."

"ಇನೆಜ್‌ಳ ಮೇಜಿಗೆ ಕಲೆ ಆಗುತ್ತೆ."

ಪೆಲ್ಟೊ ಯೋಚಿಸಿದಳು. ಒಲೆಯ ಪಕ್ಕದಿಂದ ಒಂದು ಮಸಿಬಟ್ಟೆ ತಂದು ಮೇಜಿನ ಮೇಲೆ ಹಾಸಿದಳು. ನಾನು ತಟ್ಟೆ ಇಟ್ಟೆ. ಆಮೇಲೆ ಕೈ ಮೇಲೆತ್ತಿದೆ.

"ಈಗ ಇದನ್ನ ನಿಲ್ಲಿಸಿ ಮೇಷ್ಟ್ರೇ, ಕಿವಿ ಹೋಗ್ತಿದೆ. ನಂಬರ್ ಗೊತ್ತಿಲ್ವಾ?"

"ಗೊತ್ತಿದೆ. ಒಪ್ಪೋದಿಲ್ಲ."

"ಒಪ್ಪಿ," ಎಂದಳು.

ಫೋಟೋ ನೋಡಿದೆ. ಇನ್ನು ಅದರ ಉದ್ದದ ಬಗ್ಗೆ ನನ್ನ ಜೊತೆ ಜಗಳವಾಡುವವರು ಈ ಭೂಮಿಯ ಮೇಲೆ ಯಾರೂ ಇಲ್ಲ. ನಾನು ಎಷ್ಟು ಎಂದರೆ ಅಷ್ಟೇ. ಮೂರು ಒಂದು ಐದು ಸೊನ್ನೆ ಒತ್ತಿದೆ. ಮನೆ ತಣ್ಣಗಾಯಿತು. ಇಪ್ಪತ್ತು ವರ್ಷದ ವಾದವನ್ನು ಪೊಲೀಸರ ಸಮಕ್ಷಮದಲ್ಲಿ ಸೋತೆ.

"ಆರು," ಎಂದು ಪೆಲ್ಟೊ ಮೆಲ್ಲಗೆ ಹೇಳಿದಳು. "ಕ್ಷಮಿಸಿ ಮೇಷ್ಟ್ರೇ."

ಮನೆಗೆ ಬಂದು ಮಾರ್ಡೆಲ್‌ಗೆ ಹೇಳಿದೆ. ಅವಳು ಹಾಟ್‌ಡಿಶ್ ಬಿಸಿ ಮಾಡುವುದನ್ನು ನಿಲ್ಲಿಸಲಿಲ್ಲ.

"ಮೇಲ್ಮನವಿ ಹಾಕೋ ಹಾಗಿದೆಯಾ?"

"ಇದೆ. ಸುರಕ್ಷತಾ ಸಮಿತಿಯ ಅಧ್ಯಕ್ಷರಿಗೆ."

"ಅಂದ್ರೆ?"

"ನನಗೆ."

"ಮತ್ತೇನು, ಮನೇಲೇ ಇದಾನೆ. ಕೇಳು."

"ಕೇಳಿದೆ. ಆಗಲ್ಲ ಅಂದ."

"ಮೊದಲಿಂದ್ಲೂ ಅವನು ಹಾಗೇ," ಎಂದಳು ಮಾರ್ಡೆಲ್.

ಇನೆಜ್ ಶುಕ್ರವಾರ ಬಂದಳು. ವಿಷಯ ತಿಳಿಸಿದೆ. ಕೈಯಲ್ಲಿದ್ದ ಕೈಚೀಲವನ್ನು ನೋಡುತ್ತ "ಪರವಾಗಿಲ್ಲ" ಎಂದಳು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ "ಪರವಾಗಿಲ್ಲ ಬಿಡು" ಎಂದಳು. ನಮ್ಮ ಕಡೆ ಒಂದು ಸಲ ಪರವಾಗಿಲ್ಲ ಎಂದರೆ ಬೇಜಾರಾಗಿದೆ ಎಂದು ಅರ್ಥ. ಎರಡು ಸಲ ಎಂದರೆ ಏನು ಎಂದು ಹೇಳಲು ನನಗೆ ಧೈರ್ಯವಿಲ್ಲ. ಆ ರಾತ್ರಿ ಅವಳು ಮನೆಯ ದೀಪಗಳನ್ನೆಲ್ಲ ಹಾಕಿಕೊಂಡು ಕುರ್ಚಿಯಲ್ಲೇ ಕೂತಿದ್ದಳೆಂದು ಬೆಳಿಗ್ಗೆ ಮಾರ್ಡೆಲ್ ಹೇಳಿದಳು. ಮನೆ ಮಾರಿಕೊಡುವ ದಲ್ಲಾಳಿಯ ಫೋನ್ ನಂಬರನ್ನೂ ಕೇಳಿದ್ದಳಂತೆ.

ಆಗ ಪೆಲ್ಟೊ ನಮ್ಮ ಬಾಗಿಲು ತಟ್ಟಿದಳು. ಕೈಯಲ್ಲಿ ನನ್ನ ಕಾಯಿದೆ.

"ಮೇಷ್ಟ್ರೇ, ಕೊನೇ ಪುಟ ಓದಿದೀರಾ?"

"ಬರೆದವನೇ ನಾನು."

"ಅದಕ್ಕೇ ಕೇಳಿದ್ದು. ಸುಳ್ಳು ಅಲಾರಂ ಕೂಗಿಸಿದವರೆಲ್ಲ ತಿಳಿವಳಿಕೆ ತರಗತಿಗೆ ಹಾಜರಾಗಿ, ಪರೀಕ್ಷೇಲಿ ಪಾಸಾದ್ರೆ ಪರವಾನಗಿ ವಾಪಸ್ ಕೊಡಬಹುದು ಅಂತ ಇದೆ. ಎಲ್ರೂ ಪಾಸಾಗಬೇಕು."

ನಿಜ, ಬರೆದಿದ್ದೆ. ಪ್ರಶ್ನೆಪತ್ರಿಕೆಯನ್ನೂ ನಾನೇ ತಯಾರಿಸಿದ್ದೆ. ಆದರೆ ಅದುವರೆಗೆ ಆ ತರಗತಿಗೆ ಒಬ್ಬರೂ ಬಂದಿರಲಿಲ್ಲವಾಗಿ ಮರೆತಿದ್ದೆ.

ಆ ಮಧ್ಯಾಹ್ನವೇ ಚರ್ಚಿನ ನೆಲಮಾಳಿಗೆಯಲ್ಲಿ ತರಗತಿ ನಡೆಯಿತು. ಕಾಫಿ ಹಂಡೆ ಕುದಿಯುತ್ತಿತ್ತು, ತಟ್ಟೆಗಳಲ್ಲಿ ನಿಂಬೆಹುಳಿಯ ಸಿಹಿ ಕೇಕಿನ ತುಂಡುಗಳಿದ್ದವು. ಅಪರಾಧಿಗಳ ಸಾಲಿನಲ್ಲಿ ದೂರದ ಅತ್ತೆ, ಲಾವೊನ್, ನಾನು. ಸತ್ತವರಿಗೆ ವಿನಾಯಿತಿ ಎಂದು ಪೆಲ್ಟೊ ಮೊದಲೇ ಹೇಳಿದ್ದಳು. ಇನೆಜ್ ಮಾರ್ಡೆಲ್‌ಳ ಪಕ್ಕದಲ್ಲಿ, ಗೋಡೆಗೆ ಒರಗಿ, ಕಣ್ಣ ಕೆಳಗೆ ಕಪ್ಪು ಹೊತ್ತು ಕೂತಿದ್ದಳು. ಮೇಷ್ಟ್ರ ಜಾಗದಲ್ಲಿ ಪೆಲ್ಟೊ.

"ರಕೂನ್ ಬಂದಿಲ್ಲ," ಎಂದಳು ಲಾವೊನ್, ಸುತ್ತ ನೋಡಿ. "ಎಲ್ರೂ ಪಾಸಾಗಬೇಕು ಅಂದ್ರಲ್ಲ."

ಪೆಲ್ಟೊ ಕಾಯಿದೆ ತಿರುವಿ ಹಾಕಿದಳು. "ಪ್ರಾಣಿ ಕೂಗಿಸಿದ್ರೆ ಅದರ ಹೊಣೆ ಹೊತ್ತ ಮನುಷ್ಯ ಹಾಜರಾಗಬೇಕು ಅಂತಿದೆ. ಐಸ್‌ಪೆಟ್ಟಿಗೆ ಯಾರದು?"

ನನ್ನ ಮುಂದೆ ಎರಡು ಪ್ರಶ್ನೆಪತ್ರಿಕೆ ಬಂದವು. ಮೊದಲು ರಕೂನ್ ಪರವಾಗಿ ಬರೆದೆ, ನಿಧಾನವಾಗಿ, ಜವಾಬ್ದಾರಿಯಿಂದ. ಹೊರಗೆ ಹೋಗುವ ಮುನ್ನ ಬಾಗಿಲು ಭದ್ರಪಡಿಸುವೆ. ಬ್ಯಾಟರಿ ಆಗಾಗ ಬದಲಿಸುವೆ. ಮನೆಗೆ ಬರುವವರಿಗೆ ಮೊದಲೇ ತಿಳಿಸುವೆ. ಕೊನೆಯ ಪ್ರಶ್ನೆ: ನೀವು ಊರಿನಲ್ಲಿಲ್ಲದಾಗ ಅಲಾರಂ ಕೂಗಿದರೆ ಬೀಗದಕೈ ಹಿಡಿದು ತಕ್ಷಣ ಬರುವ, ನಿಮ್ಮ ಮನೆಯವರಲ್ಲದ ಒಬ್ಬರ ಹೆಸರು ಬರೆಯಿರಿ. ರಕೂನಿಗೆ ನನ್ನ ಹೆಸರೇ ಬರೆದೆ. ಆಮೇಲೆ ನನ್ನ ಪತ್ರಿಕೆ. ಎಲ್ಲ ನಾನೇ ತಯಾರಿಸಿದ ಪ್ರಶ್ನೆ. ತಲೆ ಎತ್ತದೆ ಒಂದೇ ಉಸಿರಿಗೆ ಬರೆದು, ಎಲ್ಲರಿಗಿಂತ ಮೊದಲು ಕೊಟ್ಟು, ಕೇಕಿಗೆ ಕೈ ಹಾಕಿದೆ.

ಪೆಲ್ಟೊ ಫಲಿತಾಂಶ ಓದಿದಳು. ಅತ್ತೆ ಪಾಸು. ಲಾವೊನ್ ಪಾಸು. ರಕೂನ್ ಎಲ್ಲದರಲ್ಲೂ ಪೂರ್ತಿ ಅಂಕ. ಕೊನೆಯ ಪತ್ರಿಕೆಯನ್ನು ಮಡಚಿ ಹಿಡಿದಳು.

"ಮೇಷ್ಟ್ರೇ, ಸ್ವಲ್ಪ ಈ ಕಡೆ ಬನ್ನಿ."

ಕಾಫಿ ಹಂಡೆಯ ಹತ್ತಿರ ಕರೆದುಕೊಂಡು ಹೋಗಿ ನನ್ನ ಪತ್ರಿಕೆ ತೋರಿಸಿದಳು. ಎಲ್ಲ ಸರಿ. ಕೊನೆಯ ಪ್ರಶ್ನೆಯ ಪಕ್ಕದಲ್ಲಿ ಅವಳ ಕೆಂಪು ಪೆನ್ನು ಒಂದು ಚುಕ್ಕಿ ಇಟ್ಟು ನಿಂತಿತ್ತು. ಅಲ್ಲಿ ನನ್ನ ಅಕ್ಷರದಲ್ಲಿ ಬರೆದಿತ್ತು: ಆರ್ವಿಡ್ ಟೊಲೆಫ್‌ಸನ್.

"ಈ ಪ್ರಶ್ನೆ ತಪ್ಪಿದರೆ ಇಡೀ ಪರೀಕ್ಷೆ ನಪಾಸು ಅಂತ ನೀವೇ ಕೆಳಗೆ ಬರೆದಿದೀರಿ," ಎಂದಳು ಪೆಲ್ಟೊ. "ಇದಕ್ಕೆ ನಾನು ಹೇಗೆ ಅಂಕ ಕೊಡ್ಲಿ, ಹೇಳಿ."

ಯಾವಾಗ ಬಂದಳೋ, ಇನೆಜ್ ಪಕ್ಕದಲ್ಲಿ ನಿಂತಿದ್ದಳು. ಪತ್ರಿಕೆಯನ್ನು ಕೈಗೆ ತೆಗೆದುಕೊಂಡು, ಕನ್ನಡಕ ಮೇಲೆ ಸರಿಸಿ ಓದಿದಳು.

"ಬರ್ತಾನೆ ಅಂತ ಬರೆದಿದೀಯಾ?"

"ಕೈ ತಾನೇ ಬರೀತು, ಇನೆಜ್."

"ಬಂದ್ರೆ ನನಗೂ ಹೇಳು," ಎಂದಳು.

ಮೂವರೂ ಹಂಡೆಯ ಹಬೆಯನ್ನು ನೋಡುತ್ತ ನಿಂತೆವು. ನಮ್ಮ ಜನ ಅಳುವುದಿದ್ದರೆ ಹೀಗೆ ಯಾವುದಾದರೂ ಹಬೆಯ ಹತ್ತಿರ ನಿಂತೇ ಅಳುವುದು. ಆಮೇಲೆ ಇನೆಜ್ ಪೆಲ್ಟೊಳ ಕೈಯಿಂದ ಕೆಂಪು ಪೆನ್ನು ಕಿತ್ತುಕೊಂಡು, ಆರ್ವಿಡ್‌ನ ಹೆಸರನ್ನು ಹೊಡೆದು ಹಾಕದೆ, ಅದರ ಕೆಳಗೆ ತನ್ನ ಹೆಸರು ಬರೆದಳು.

"ಬೇರೆಯವರು ಬರೆಯೋ ಹಾಗಿಲ್ಲ ಅಮ್ಮಾ," ಎಂದಳು ಪೆಲ್ಟೊ.

"ಯಾರು ಹೇಳಿದ್ದು?"

ಪೆಲ್ಟೊ ನನ್ನ ಕಡೆ ನೋಡಿದಳು. ಇನೆಜ್ ಕೂಡ ನೋಡಿದಳು. ಗೋಡೆಯ ಹತ್ತಿರದಿಂದ ಮಾರ್ಡೆಲ್, ಏನೆಂದು ಗೊತ್ತಿಲ್ಲದಿದ್ದರೂ ಅಭ್ಯಾಸಬಲದಿಂದ, ನನ್ನ ಕಡೆಯೇ ನೋಡಿದಳು. ಸುರಕ್ಷತಾ ಸಮಿತಿಯ ಅಧ್ಯಕ್ಷನಿಗೆ ಆ ಕ್ಷಣದಲ್ಲಿ ಕಾಯಿದೆಯ ಒಂದು ಸಾಲೂ ನೆನಪಿಗೆ ಬರಲಿಲ್ಲ.

ಪೆಲ್ಟೊ ಪತ್ರಿಕೆಯ ತುದಿಯಲ್ಲಿ ಬರೆದಳು: 'ಪಾಸು, ಇನೆಜ್ ಟೊಲೆಫ್‌ಸನ್ ಅವರ ಜವಾಬ್ದಾರಿಯ ಮೇಲೆ.' ಹೀಗಾಗಿ ನಾನು ರಕೂನಿಗಿಂತ ಕೆಳಗಿನ ದರ್ಜೆಯಲ್ಲಿ ತೇರ್ಗಡೆಯಾದೆ. ಪರವಾನಗಿ ವಾಪಸ್ಸು ಬಂತು. ಸಂಜೆ ನಾನೇ ಹೋಗಿ ಗುಂಡಿಗೆ ಹೊಸ ಬ್ಯಾಟರಿ ಹಾಕಿ, ಪೊಲೀಸ್ ಠಾಣೆಗೆ ಫೋನು ಮಾಡಿ, ಕೂಗಿದರೆ ಖಂಡಿತ ಬರುತ್ತೀರಿ ತಾನೇ ಎಂದು ಎರಡು ಸಲ ಕೇಳಿ, ಹಿತ್ತಲ ಬೀಗದಕೈಯನ್ನು ಹೂಕುಂಡದ ಕೆಳಗೆ ಅದರ ಜಾಗದಲ್ಲೇ ಇಟ್ಟು ಬಂದೆ. ಎಲ್ಲ ಸರಿಯಾಗಿತ್ತು. ಆದರೂ ನನಗೆ ನಿದ್ದೆ ಹತ್ತಲಿಲ್ಲ. ಎಲ್ಲಿ ಕೂಗುತ್ತದೋ, ಎಲ್ಲಿ ಕೂಗದೆ ಉಳಿಯುತ್ತದೋ ಎಂದು ಬೆಳಗಿನವರೆಗೆ ಕಿವಿ ನೆಟ್ಟುಕೊಂಡು ಮಲಗಿದ್ದೆ.

ಭಾನುವಾರ ಚರ್ಚಿನ ಮುಂದೆ ಇನೆಜ್ ಸಿಕ್ಕಳು. ಕಣ್ಣ ಕೆಳಗಿನ ಕಪ್ಪು ತಿಳಿಯಾಗಿತ್ತು. ನನ್ನ ಕಾಯಿದೆ ಒಬ್ಬ ಹೆಂಗಸಿಗಾದರೂ ನೆಮ್ಮದಿ ಕೊಟ್ಟಿತಲ್ಲ ಎಂದು ಎದೆ ಸ್ವಲ್ಪ ಉಬ್ಬಿತು.

"ನಿದ್ದೆ ಬಂತಾ?" ಎಂದು ಕೇಳಿದೆ.

"ಲಾವೊನ್ ಊಟ ತಂದಿದ್ಲು. ತಿಂದು ಹಾಗೇ ಸೋಫಾ ಮೇಲೆ ಬಿದ್ದವಳು ಈಗ ಚರ್ಚಿನ ಗಂಟೆ ಹೊಡೆದಾಗ ಎದ್ದೆ," ಎಂದಳು ಇನೆಜ್. "ಅಲಾರಂ ಹಾಕೋದೇ ಮರೆತುಹೋಯ್ತು ನೋಡು."